ತಣ್ಣನೆಯ ಕಡಲಿಗೆ ಇಳಿಯುವುದು ಹೇಗೆ?

10ರಿಂದ 15 ಡಿಗ್ರಿ ಸೆಲ್ಸಿಯಸ್‌ನ ಕರಾವಳಿ ನೀರು ಬಹುಮಟ್ಟಿಗೆ ಹಸಿರು. ಐದಾರು ಮೀಟರ್ ಆಚೆಗೆ ಏನೂ ಕಾಣದ ದಿನಗಳೂ ಉಂಟು. ಜಾಹೀರಾತಿನ ನೀಲಿ ಕಡಲನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಸ್ಕೂಬಾ ಡೈವರ್‌ಗೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವವರಿಗೆ, ಇದು ಕೊಳೆನೀರೆಂದೇ ಅನ್ನಿಸಬಹುದು. ಆದರೆ ಇಲ್ಲಿ ಜೀವರಾಶಿ ದಟ್ಟವಾಗಿರುವುದಕ್ಕೆ ಆ ಹಸಿರೇ ಕಾರಣ. ಆಳದ ತಣ್ಣೀರು ದಡದ ಬಳಿ ಮೇಲೆದ್ದು ಬರುವಾಗ ತಳದ ಪೋಷಕಾಂಶಗಳನ್ನೂ ಹೊತ್ತು ತರುತ್ತದೆ. ಅದನ್ನು ಉಂಡು ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಪ್ಲವಕಗಳು ಬೆಳೆಯುತ್ತವೆ, ಅವನ್ನು ತಿನ್ನುವ ಜೀವಿಗಳು ಬರುತ್ತವೆ, ಆ ಜೀವಿಗಳನ್ನು ತಿನ್ನುವವು ಬೆನ್ನ ಹಿಂದೆಯೇ ಬರುತ್ತವೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ, ದಕ್ಷಿಣ ಆಫ್ರಿಕಾದ ಫಾಲ್ಸ್ ಬೇ, ಸ್ಕಾಟ್ಲೆಂಡಿನ ಸೇಂಟ್ ಆಬ್ಸ್, ಕೆನಡಾದ ಬ್ರಿಟಿಷ್ ಕೊಲಂಬಿಯಾ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ಇವೆಲ್ಲ ಹೆಸರುವಾಸಿಯಾಗಿರುವುದು ಇಂಥ ದಟ್ಟ ಜೀವರಾಶಿಗೇ.

ಇಂಥ ನೀರಿನಲ್ಲಿ ಪ್ರಾಣಿಗಳನ್ನು ನೋಡುವ ವಿದ್ಯೆ ಎಂದರೆ ಮುಖ್ಯವಾಗಿ ಸುಮ್ಮನಿರುವ ವಿದ್ಯೆ. ಚಳಿ ಹಿಡಿದವರಿಗೆ ಸುಮ್ಮನಿರಲು ಆಗುವುದಿಲ್ಲ, ತೂಕದ ಲೆಕ್ಕ ತಪ್ಪಿದವರಿಗೂ ಆಗುವುದಿಲ್ಲ. ಆಕ್ಟೋಪಸ್ ಬಗ್ಗೆ ಓದಲು ಬಂದವರು ಮೊದಲು ಬಟ್ಟೆಬರೆಯ ಬಗ್ಗೆ ಓದಬೇಕಾಗಿರುವುದು ಅದಕ್ಕಾಗಿಯೇ.

ತರಬೇತಿ ಮತ್ತು ತಪಾಸಣೆ

ಮಾನ್ಯತೆ ಪಡೆದ ಸಂಸ್ಥೆಯ ಓಪನ್ ವಾಟರ್ ಎಂಬ ಆರಂಭಿಕ ಕೋರ್ಸ್ ಮುಗಿಸಿದವರು 18 ಮೀಟರ್ ಆಳದವರೆಗೆ ಇಳಿಯಬಹುದು. ತಣ್ಣೀರಿನ ಮೊದಲ ಡೈವ್‌ಗಳಿಗೆ ಅಷ್ಟೂ ಬೇಕಾಗಿಲ್ಲ; ಹತ್ತು ಮೀಟರ್ ಒಳಗೇ ನೋಡಿ ಮುಗಿಯದಷ್ಟಿದೆ. ಬೆಚ್ಚನೆಯ ಕಡಲಿನಲ್ಲಿ ಎಷ್ಟೇ ಅನುಭವವಿದ್ದರೂ ತಣ್ಣೀರಿಗೆ ಮೊದಲ ಬಾರಿ ಹೋಗುವಾಗ ಆ ತಾಣವನ್ನು ಬಲ್ಲ ಮಾರ್ಗದರ್ಶಕರ ಜೊತೆಗೇ ಹೋಗಿ.

ಕೋರ್ಸಿಗೆ ಮುನ್ನ ಕೊಡುವ ಆರೋಗ್ಯದ ಪ್ರಶ್ನಾವಳಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ತಣ್ಣೀರಿನಲ್ಲಿ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಕೈಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ಕೆಲವರಿಗೆ ಮೈಯೊಳಗಿನ ದ್ರವವೇ ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ಅಪಾಯವೂ ಇದೆ. ವಯಸ್ಸಾದವರಲ್ಲಿ ಮತ್ತು ರಕ್ತದೊತ್ತಡ ಇರುವವರಲ್ಲಿ ಈ ಅಪಾಯ ಹೆಚ್ಚು. ಅಂಥವರು ವೈದ್ಯರನ್ನು ಕಾಣದೆ ಇಳಿಯಬಾರದು.

ಮೈ ಬೆಚ್ಚಗಿಡುವ ಬಗೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. 15 ಡಿಗ್ರಿಯ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹಾಯಾಗಿ ನಡೆದಾಡುವವರು 15 ಡಿಗ್ರಿಯ ನೀರಿನಲ್ಲಿ ಬೇಗನೆ ನಡುಗತೊಡಗುತ್ತಾರೆ.

ವೆಟ್‌ಸೂಟ್ ಹೆಸರೇ ಹೇಳುವಂತೆ ಮೈ ಒದ್ದೆಯಾಗುವ ಉಡುಪು. ಅದರ ನಿಯೋಪ್ರೀನ್ ಎಂಬ ರಬ್ಬರಿನೊಳಗೆ ಲಕ್ಷಾಂತರ ಅನಿಲದ ಗುಳ್ಳೆಗಳಿವೆ; ಶಾಖವನ್ನು ತಡೆಯುವುದು ಆ ಗುಳ್ಳೆಗಳೇ. ಒಳಗೆ ನುಸುಳಿದ ತೆಳುವಾದ ನೀರಿನ ಪದರವನ್ನು ಮೈ ಬೆಚ್ಚಗೆ ಮಾಡುತ್ತದೆ. ಆ ನೀರು ಅಲ್ಲೇ ನಿಂತರೆ ಕ್ಷೇಮ, ಪ್ರತಿ ಚಲನೆಗೂ ಹೊಸ ತಣ್ಣೀರು ಒಳನುಗ್ಗುತ್ತಿದ್ದರೆ ಉಡುಪು ಹಾಕಿಯೂ ಹಾಕದಂತೆಯೇ. ಆದ್ದರಿಂದ ದಪ್ಪಕ್ಕಿಂತ ಅಳತೆ ಮುಖ್ಯ. ಬೆನ್ನಿನ ಕೆಳಭಾಗದಲ್ಲಿ, ಕಂಕುಳಲ್ಲಿ, ಕುತ್ತಿಗೆಯ ಬಳಿ ಜೋಲು ಇರಬಾರದು. ಎರವಲು ಪಡೆದ 7 ಮಿಲಿಮೀಟರಿನ ಸಡಿಲ ಸೂಟಿಗಿಂತ ಮೈಗೆ ಅಂಟಿ ಕೂರುವ 5 ಮಿಲಿಮೀಟರಿನದು ಮೇಲು.

ಇನ್ನೊಂದು ಸಂಗತಿ ಹೊಸಬರನ್ನು ಕಂಗೆಡಿಸುತ್ತದೆ. ಕಡಲಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ರಬ್ಬರಿನೊಳಗಿನ ಗುಳ್ಳೆಗಳು ಕುಗ್ಗುತ್ತವೆ, ಸೂಟು ತೆಳ್ಳಗಾಗುತ್ತದೆ. ಹೆಚ್ಚು ಬೆಚ್ಚಗಿರಬೇಕಾದ ಆಳದಲ್ಲೇ ಅದು ಕಡಿಮೆ ಬೆಚ್ಚಗಿರುತ್ತದೆ, ಮೇಲಾಗಿ ತೇಲಿಸುವ ಬಲವನ್ನೂ ಕಳೆದುಕೊಳ್ಳುತ್ತದೆ.

ನೀರು 10 ಡಿಗ್ರಿಯ ಆಸುಪಾಸಿಗೆ ಇಳಿದಾಗ, ಅಥವಾ ಒಂದೇ ದಿನ ಹಲವು ಬಾರಿ ಇಳಿಯುವುದಿದ್ದಾಗ, ಡ್ರೈಸೂಟ್ ಒಳ್ಳೆಯದು. ಇದರಲ್ಲಿ ಕುತ್ತಿಗೆ, ಮಣಿಕಟ್ಟುಗಳನ್ನು ಮುಚ್ಚಿ ನೀರನ್ನು ಹೊರಗೇ ಇಡುತ್ತಾರೆ. ಒಳಗೆ ಉಣ್ಣೆಯಂಥ ಬಟ್ಟೆ, ಅದರ ಸುತ್ತ ಗಾಳಿ. ಇಳಿಯುತ್ತಾ ಹೋದಂತೆ ಸೂಟಿಗೆ ಗಾಳಿ ತುಂಬಬೇಕು, ಏರುವಾಗ ಬಿಡಬೇಕು. ಕಾಲು ಮೇಲಾದರೆ ಗಾಳಿಯೆಲ್ಲ ಪಾದದ ಕಡೆಗೆ ಓಡಿ ಡೈವರ್ ತಲೆಕೆಳಗಾಗಿ ಮೇಲಕ್ಕೆ ಎಳೆಯಲ್ಪಡುವ ಅಪಾಯವಿದೆ. ಹಾಗಾಗಿ ಪ್ರತ್ಯೇಕ ತರಬೇತಿ ಇಲ್ಲದೆ ಡ್ರೈಸೂಟ್ ತೊಟ್ಟು ಕಡಲಿಗಿಳಿಯುವುದು ಬೇಡವೇ ಬೇಡ. ಈಜುಕೊಳದಲ್ಲಿ ಮೊದಲು ಅಭ್ಯಾಸವಾಗಲಿ.

ಸೂಟು ಯಾವುದೇ ಇರಲಿ, ತಲೆಗೆ ಹುಡ್, ಕೈಗೆ ಕೈಗವಸು ಬೇಕೇ ಬೇಕು. ದಪ್ಪ ಕೈಗವಸಿನಲ್ಲಿ ಬಕಲ್ ಬಿಚ್ಚುವುದು, ಮಾಸ್ಕ್ ಸರಿಪಡಿಸುವುದು, ಗಾಳಿ ಬಿಡುವ ಗುಂಡಿ ಹುಡುಕುವುದು ಇವೆಲ್ಲ ಬೇರೆಯೇ ಕಸರತ್ತು. ದಡದಲ್ಲಿ ಕಣ್ಣುಮುಚ್ಚಿ ಅಭ್ಯಾಸ ಮಾಡಿ.

ತೂಕ ನೋಡಿಕೊಳ್ಳಿ

ದಪ್ಪ ಉಡುಪು ತೇಲುತ್ತದೆ, ಆದ್ದರಿಂದ ಸೀಸದ ತೂಕ ಹೆಚ್ಚು ಬೇಕಾಗುತ್ತದೆ. ಎಷ್ಟು ಎಂಬುದನ್ನು ಪಕ್ಕದವರನ್ನು ಕೇಳಿ ತಿಳಿಯಲಾಗದು. ನೀರಿಗಿಳಿದು ತೇಲುವ ಜಾಕೆಟಿನ ಗಾಳಿಯನ್ನೆಲ್ಲ ಬಿಟ್ಟು, ಸಹಜ ಉಸಿರನ್ನು ಒಂದು ಕ್ಷಣ ತಡೆದು, ಕದಲದೆ ನೆಟ್ಟಗೆ ನಿಲ್ಲಿ. ನೀರಿನ ಮಟ್ಟ ಕಣ್ಣಿನ ನೇರಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಈ ಪರೀಕ್ಷೆಯನ್ನು ಡೈವ್‌ನ ಕೊನೆಯಲ್ಲಿ, ಸಿಲಿಂಡರಿನಲ್ಲಿ 50 ಬಾರ್ ಒತ್ತಡ ಉಳಿದಿರುವಾಗ ಮಾಡಿದರೆ ಉತ್ತರ ಖಚಿತ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದಾಗ ಅದರಲ್ಲಿ ಸುಮಾರು 2,400 ಲೀಟರ್ ಗಾಳಿ ಇರುತ್ತದೆ. ಅದರ ತೂಕ ಮೂರು ಕಿಲೋಗೆ ಸಮೀಪ. ಉಸಿರಾಡಿದಂತೆ ಆ ತೂಕ ಕರಗುತ್ತದೆ, ಕೊನೆಯಲ್ಲಿ ಡೈವರ್ ಮೇಲಕ್ಕೆ ಜಾರತೊಡಗುತ್ತಾರೆ.

ಭಯಕ್ಕೆ ಎರಡು ಕಿಲೋ ಹೆಚ್ಚಿಗೆ ಕಟ್ಟಿಕೊಳ್ಳುವುದು ಬಹಳ ಜನರ ಚಟ. ಆ ಹೆಚ್ಚುವರಿ ತೂಕವನ್ನು ಸರಿದೂಗಿಸಲು ಜಾಕೆಟಿಗೆ ಗಾಳಿ ತುಂಬಬೇಕು, ಗಾಳಿ ತುಂಬಿದರೆ ಏರಿಳಿತ, ಏರಿಳಿತವೆಂದರೆ ಕೈಕಾಲು ಬಡಿತ, ತಳದ ಕೆಸರೆಲ್ಲ ಮೇಲೇಳುತ್ತದೆ. ಮೊದಲೇ ಮಂಕಾದ ನೀರಿನಲ್ಲಿ ಅಲ್ಲಿಗೆ ಎಲ್ಲವೂ ಮುಗಿದಂತೆ.

ರೆಗ್ಯುಲೇಟರ್ ಹೆಪ್ಪುಗಟ್ಟದಂತೆ

ಸಿಲಿಂಡರಿನ ಗಾಳಿಯ ಒತ್ತಡ ತಗ್ಗಿಸಿ ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ಒತ್ತಡದ ಗಾಳಿ ಹಿಗ್ಗುವಾಗ ತಂಪಾಗುತ್ತದೆ. ನೀರೇ ತಣ್ಣಗಿದ್ದರೆ ರೆಗ್ಯುಲೇಟರಿನ ಒಳಗೆ ಮಂಜುಗಡ್ಡೆ ಕಟ್ಟಿ, ಕವಾಟ ತೆರೆದೇ ಉಳಿದು, ಗಾಳಿ ಭೋರೆಂದು ಹರಿದುಹೋಗಬಹುದು. ಯುರೋಪಿನ ಇಎನ್ 250 ಮಾನದಂಡ 10 ಡಿಗ್ರಿಗಿಂತ ಕೆಳಗಿನ ನೀರನ್ನು ತಣ್ಣೀರೆಂದು ಪರಿಗಣಿಸುತ್ತದೆ. ನಿಮ್ಮ ಉಪಕರಣ ಅದಕ್ಕೆ ತಕ್ಕದ್ದೇ ಎಂದು ನೋಡಿಕೊಳ್ಳಿ. ದಡದ ಕೊರೆಯುವ ಗಾಳಿಯಲ್ಲಿ ಅದರಿಂದ ಪದೇಪದೇ ಉಸಿರೆಳೆದು ಪರೀಕ್ಷಿಸಬೇಡಿ. ಉಸಿರೆಳೆಯುತ್ತಿರುವಾಗಲೇ ಜಾಕೆಟಿಗೂ ಗಾಳಿ ಬಿಡಬೇಡಿ. ಗಾಳಿ ಹರಿಯತೊಡಗಿದರೂ ಅದರಿಂದಲೇ ಗುಟುಕು ಗುಟುಕಾಗಿ ಉಸಿರಾಡಲು ಸಾಧ್ಯ. ಜೊತೆಗಾರರಿಗೆ ಸನ್ನೆ ಮಾಡಿ, ಅವರ ಹೆಚ್ಚುವರಿ ಬಾಯಿತುಂಡನ್ನು ಪಡೆದು, ಇಬ್ಬರೂ ಕೂಡಿ ಮೇಲೆ ಬನ್ನಿ.

ನೀರಿಗಿಳಿಯುವ ಹೊತ್ತು

ಉಬ್ಬರ–ಇಳಿತದ ಪಟ್ಟಿ ನೋಡದೆ ಹೊರಡಬೇಡಿ. ಉಬ್ಬರ ತಿರುಗಿ ಇಳಿತ ಶುರುವಾಗುವ ನಡುವೆ ಹರಿವು ತಣಿಯುವ ಅಲ್ಪಾವಧಿಯೊಂದಿದೆ. ಇಕ್ಕಟ್ಟಾದ ಜಲಸಂಧಿಗಳಲ್ಲಿ ಆ ಹೊತ್ತಿನಲ್ಲಿ ಮಾತ್ರ ಇಳಿಯಬೇಕು. ದಡದಿಂದ ಇಳಿಯುವುದಾದರೆ ಅಲೆಗಳನ್ನು ನಿಂತು ನೋಡಿ. ಒಂದು ಸಾಲು ದೊಡ್ಡ ಅಲೆಗಳು ಬಂದು ಹೋದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ನೋಡಿದ ಮೇಲೆ ಅನುಮಾನ ಉಳಿದರೆ ಅಂದಿನ ಡೈವ್ ರದ್ದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಜೊತೆಗಾರರು ಪರಸ್ಪರರ ಜಾಕೆಟ್, ತೂಕ, ಬಕಲ್, ಗಾಳಿಯನ್ನು ಪರೀಕ್ಷಿಸಿದ ಮೇಲೆ ನೀರಿನಲ್ಲಿ ನಿಂತು ಮುಖ ಒದ್ದೆ ಮಾಡಿಕೊಳ್ಳಿ. ತಣ್ಣೀರು ಮುಖಕ್ಕೆ ತಾಗಿದ ಮೊದಲ ಕ್ಷಣಗಳಲ್ಲಿ ಎಲ್ಲರಿಗೂ ಏದುಸಿರು ಬರುತ್ತದೆ, ಅದು ಹೆದರಿಕೆಯ ಲಕ್ಷಣವಲ್ಲ. ಉಸಿರು ಹದಕ್ಕೆ ಬರುವವರೆಗೆ ಮೇಲೆಯೇ ಇರಿ, ಆಮೇಲೆ ಇಳಿಯಿರಿ.

ಕೆಲ್ಪ್ ಕಾಡಿನೊಳಗೆ

ತಣ್ಣೀರ ಕಡಲಿನ ದೊಡ್ಡ ವೈಭವ ಕೆಲ್ಪ್. ಅದು ಗಿಡವಲ್ಲ, ಕಂದು ಬಣ್ಣದ ಪಾಚಿಯ ಜಾತಿ; ಬೇರಿನ ಬದಲು ಬಂಡೆಯನ್ನು ಬಿಗಿಹಿಡಿಯುವ ಜಟೆಯೊಂದಿದೆ, ಕೆಲವು ಬಗೆಗಳಲ್ಲಿ ಎಲೆಯಂಥ ಪಟ್ಟಿಗಳ ಬುಡದಲ್ಲಿ ತೇಲಿಸುವ ಗಾಳಿಬುರುಡೆಗಳಿವೆ. ಅನುಕೂಲ ಒದಗಿದರೆ ದೈತ್ಯ ಕೆಲ್ಪ್ ದಿನಕ್ಕೆ ಅರ್ಧ ಮೀಟರಿಗೂ ಹೆಚ್ಚು ಬೆಳೆಯಬಲ್ಲದು. ಒಳಗೆ ನಿಂತು ಮೇಲೆ ನೋಡಿದರೆ ಬಿಸಿಲು ಕೋಲುಕೋಲಾಗಿ ಇಳಿಯುತ್ತಿರುತ್ತದೆ. ಎಲ್ಲರೂ ಇದನ್ನೇ ಹೊಗಳುತ್ತಾರೆ, ಹೊಗಳಿಕೆ ನ್ಯಾಯವೇ. ಆದರೂ ನನ್ನ ಮೆಚ್ಚುಗೆ ಬುಡದ ಆ ಜಟೆಗೆ. ಅಂಗೈಯಗಲದ ಜಾಗದಲ್ಲಿ ಏಡಿ, ಹುಳು, ಪುಟ್ಟ ನಕ್ಷತ್ರಮೀನುಗಳ ಒಂದು ವಠಾರವೇ ಅಲ್ಲಿರುತ್ತದೆ.

ಕೆಲ್ಪ್ ಕಾಲಿಗೆ ಸಿಕ್ಕಿಕೊಂಡರೆ ತಿರುಗಬೇಡಿ, ತಿರುಗಿದಷ್ಟೂ ಸುತ್ತಿಕೊಳ್ಳುತ್ತದೆ. ನಿಂತು, ಸ್ವಲ್ಪ ಹಿಂದೆ ಸರಿದು, ಕೈಯಿಂದ ಬಿಡಿಸಿಕೊಳ್ಳಿ. ಕಾಂಡವನ್ನು ಚೂಪಾಗಿ ಮಡಚಿದರೆ ಮುರಿಯುತ್ತದೆ, ಎಳೆದರೆ ಮುರಿಯುವುದಿಲ್ಲ. ನಿಮ್ಮ ಉಪಕರಣಗಳ ಜೋತುಬಿದ್ದ ಪಟ್ಟಿಗಳನ್ನೆಲ್ಲ ಮೈಗೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರೆ ಸಿಕ್ಕಿಕೊಳ್ಳುವ ಪ್ರಮೇಯವೇ ಕಡಿಮೆ. ಮೇಲ್ಮೈಯಲ್ಲಿ ಕೆಲ್ಪ್ ಚಾಪೆಯಂತೆ ಹರಡಿರುತ್ತದೆ, ಅದರ ಮೇಲೆ ಈಜುವುದು ಸುಸ್ತಿನ ಕೆಲಸ. ಅಡಿಯಲ್ಲೇ ಈಜಿ ಹೊರಬರುವಷ್ಟು ಗಾಳಿ ಉಳಿಸಿಕೊಂಡು ಹಿಂತಿರುಗಿ.

ಕೆಲವೆಡೆ ಕಾಡಿನ ಬದಲು ಬೋಳು ಬಂಡೆ, ಅದರ ತುಂಬ ಸೀ ಅರ್ಚಿನ್ ಎಂಬ ಮುಳ್ಳುಚೆಂಡುಗಳು ಕಾಣಬಹುದು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹೀಗಾದದ್ದಕ್ಕೆ ಕಾರಣ ಗೊತ್ತಿದೆ. 2013ರಿಂದ ಹರಡಿದ ರೋಗವೊಂದು ಅರ್ಚಿನ್‌ಗಳನ್ನು ತಿನ್ನುತ್ತಿದ್ದ ಸೂರ್ಯಕಾಂತಿ ನಕ್ಷತ್ರಮೀನುಗಳನ್ನು ಅಳಿಸಿಹಾಕಿತು, ಅದರ ಬೆನ್ನಿಗೇ ಕಡಲು ಬಿಸಿಯಾಗಿ ಕೆಲ್ಪ್ ಸೊರಗಿತು, ಉಳಿದದ್ದನ್ನು ಅರ್ಚಿನ್‌ಗಳು ಮೇಯ್ದವು. ರೀಫ್ ಚೆಕ್‌ನಂಥ ಸಂಸ್ಥೆಗಳು ಹವ್ಯಾಸಿ ಡೈವರ್‌ಗಳಿಗೆ ತರಬೇತಿ ಕೊಟ್ಟು ಅಲ್ಲಿನ ಜೀವಿಗಳನ್ನು ಎಣಿಸುವ ಕೆಲಸಕ್ಕೆ ಹಚ್ಚಿವೆ.

ಪ್ರಾಣಿಗಳ ಎದುರು

ಟಾರ್ಚ್ ಒಯ್ಯಿರಿ. ಐದಾರು ಮೀಟರ್ ಇಳಿಯುವಷ್ಟರಲ್ಲಿ ನೀರು ಕೆಂಪು ಬಣ್ಣವನ್ನು ಬಹುಪಾಲು ನುಂಗಿಬಿಟ್ಟಿರುತ್ತದೆ. ಬೂದು ಎಂದುಕೊಂಡ ಬಂಡೆ ಬೆಳಕು ಬಿದ್ದೊಡನೆ ಕಡುಕೆಂಪಾಗುತ್ತದೆ. ಆಮೇಲೆ ವೇಗ ಕಡಿಮೆ ಮಾಡಿ. ಕಪ್ಪೆಯಂತೆ ಕಾಲು ಅಗಲಿಸಿ ಒದೆದರೆ ಕೆಸರು ಏಳುವುದಿಲ್ಲ. ಬಂಡೆಯ ಸಂದಿನ ಮುಂದೆ ಏಡಿಯ ಚಿಪ್ಪು, ಕಪ್ಪೆಚಿಪ್ಪುಗಳ ಗುಡ್ಡೆ ಬಿದ್ದಿದ್ದರೆ ಅದು ಆಕ್ಟೋಪಸ್ ಮನೆಯ ಕಸ. ಮನೆಯೊಡೆಯ ಒಳಗಿರುವ ಸಾಧ್ಯತೆಯೇ ಹೆಚ್ಚು. ಪಕ್ಕದಲ್ಲಿ ತೇಲುತ್ತ ನಿಲ್ಲಿ, ಬೆಳಕನ್ನು ಕಣ್ಣಿಗೆ ಬಿಡಬೇಡಿ, ಕೋಲಿನಿಂದ ತಿವಿಯುವುದಂತೂ ಸಲ್ಲದು. ಪೆಸಿಫಿಕ್‌ನ ದೈತ್ಯ ಆಕ್ಟೋಪಸ್ ತಾಯಿ ಊಟ ಬಿಟ್ಟು ಸುಮಾರು ಆರು ತಿಂಗಳು ಮೊಟ್ಟೆ ಕಾಯುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಅದನ್ನು ಗುಹೆಯಿಂದ ಹೊರಗೆಳೆದು ಫೋಟೊ ತೆಗೆಯುವವರ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ.

ಮೊಟ್ಟೆ ಕಾಯುವ ಗಂಡುಗಳೂ ಇವೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಲಿಂಗ್‌ಕಾಡ್ ಮೀನು ಚಳಿಗಾಲದಲ್ಲಿ ಗೂಡಿನ ಮುಂದೆ ಪಹರೆ ನಿಂತು, ಹತ್ತಿರ ಬಂದ ಡೈವರ್ ಮೇಲೂ ಎರಗುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ವೈಯಾಲಾ ಬಳಿ ಪ್ರತಿವರ್ಷ ಮೇ ತಿಂಗಳಿಂದ ಆಗಸ್ಟ್‌ವರೆಗೆ ಆಕ್ಟೋಪಸ್ ಬಳಗದ ದೈತ್ಯ ಕಟಲ್‌ಫಿಶ್‌ಗಳು ಕೂಡಲು ಸೇರುತ್ತವೆ, ಅದೂ ಕೆಲವೇ ಮೀಟರ್ ಆಳದಲ್ಲಿ. ದೊಡ್ಡ ಗಂಡುಗಳು ಬಣ್ಣ ಮಿನುಗಿಸುತ್ತ ಜಗಳಕ್ಕೆ ನಿಂತಿರುವಾಗ ಸಣ್ಣ ಗಂಡು ಹೆಣ್ಣಿನ ವೇಷ ಹಾಕಿ ನಡುವೆ ನುಸುಳುತ್ತದೆ. ಎಂಥ ನಾಟಕದವರೂ ತಲೆದೂಗಬೇಕು.

ಇಂಗ್ಲೆಂಡಿನ ಫಾರ್ನ್ ದ್ವೀಪಗಳಂಥ ಕಡೆ ಸೀಲ್‌ಗಳು ತಾವಾಗಿಯೇ ಬರುತ್ತವೆ. ಹಿಂದಿನಿಂದ ಬಂದು ಕಾಲಿನ ಫಿನ್ ಕಚ್ಚಿ ಎಳೆಯುವುದು ಅವುಗಳಿಗೆ ಆಟ. ಕೈ ಚಾಚಬೇಡಿ, ಬೆನ್ನಟ್ಟಬೇಡಿ, ದಡದಲ್ಲಿ ಮರಿಗಳಿರುವೆಡೆ ಹತ್ತಲೇಬೇಡಿ. ಸೀಲ್ ಕಚ್ಚಿದ ಗಾಯಕ್ಕೆ ಕೆಟ್ಟ ಸೋಂಕು ತಗಲಬಹುದು, ವೈದ್ಯರನ್ನು ಕಾಣಬೇಕು. ಕಡಲ ಸಸ್ತನಿಗಳಿಂದ ಎಷ್ಟು ದೂರವಿರಬೇಕೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಕೇಳಿ ತಿಳಿದುಕೊಂಡೇ ಇಳಿಯಿರಿ.

ಲಯನ್ಸ್ ಮೇನ್ ಎಂಬ ಅಂಬಲಿಮೀನಿನ ಎಳೆಗಳು ಹರಿದು ಬೇರ್ಪಟ್ಟ ಮೇಲೂ ಚುಚ್ಚುತ್ತವೆ. ಮೇಲೇರುವಾಗ ತಲೆಯ ಮೇಲೆ ಕಣ್ಣಿರಲಿ. ದಡಕ್ಕೆ ಬಂದ ಮೇಲೆ ಆ ಎಳೆಗಳು ಅಂಟಿರಬಹುದಾದ ಕೈಗವಸಿನಿಂದ ಮುಖ ಒರೆಸಿಕೊಳ್ಳಬೇಡಿ.

ಮೇಲೆ ಬರುವುದು

ನಡುಕ ಶುರುವಾದರೆ ಡೈವ್ ಮುಗಿಯಿತು. ಎರಡೂ ತೋಳುಗಳನ್ನು ಅಡ್ಡ ಕಟ್ಟಿ ಉಜ್ಜಿಕೊಂಡರೆ ‘ಚಳಿಯಾಗಿದೆ’ ಎಂದರ್ಥ, ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’. ಜೊತೆಗಾರರು ಇದನ್ನು ಪ್ರಶ್ನಿಸುವಂತಿಲ್ಲ. ಉಸಿರು ಹಿಡಿಯದೆ, ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಈ ಮೂರು ನಿಮಿಷ ತಣ್ಣೀರಿನಲ್ಲಿ ಬಲು ದೀರ್ಘ, ಅದಕ್ಕೂ ಶಾಖ ಉಳಿಸಿಕೊಂಡಿರಬೇಕು.

ದಡದ ಗಾಳಿ ನೀರಿಗಿಂತ ಕ್ರೂರ. ಮೊದಲು ತಲೆಗೆ ಟೋಪಿ, ಆಮೇಲೆ ಒದ್ದೆ ಉಡುಪು ಬದಲಿಸಿ ಗಾಳಿ ತಡೆಯುವ ಕೋಟು, ಬಿಸಿ ಪಾನೀಯ. ತಕ್ಷಣ ಕುದಿನೀರಿನ ಸ್ನಾನ ಬೇಡ. ಚರ್ಮ ಏಕಾಏಕಿ ಬಿಸಿಯಾದರೆ ಅಂಗಾಂಶದಲ್ಲಿ ಕರಗಿರುವ ನೈಟ್ರೋಜನ್ ಗುಳ್ಳೆಗಟ್ಟುವ ಅಪಾಯವಿದೆ. ತಣ್ಣೀರಿನಲ್ಲಿ ಮೂತ್ರ ಹೆಚ್ಚಾಗುವುದರಿಂದ ಬಾಯಾರದಿದ್ದರೂ ನೀರು ಕುಡಿಯಿರಿ. ಬೆರಳ ತುದಿ ಇನ್ನೂ ಜೋಮು ಹಿಡಿದಿದ್ದರೆ ಎರಡನೆಯ ಡೈವ್ ಕೈಬಿಡಿ. ಎರಡು ಮೂರು ಬಾರಿ ಇಳಿದಿದ್ದರೆ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ, ಒಮ್ಮೆ ಮಾತ್ರ ಇಳಿದಿದ್ದರೆ 12 ಗಂಟೆ ಬಿಡುವಿರಲಿ.