ನಿಕಲ್ ಪುಡಿಯನ್ನು ಪ್ರಯೋಗಕ್ಕೆ ಹದ ಮಾಡುವುದು ಹೇಗೆ?

ಗಟ್ಟಿ ನಿಕಲ್ ತುಂಡು ಸುಮ್ನೆ ಮೇಜಿನ ಮೇಲೆ ವರ್ಷಗಟ್ಟಲೆ ಬಿದ್ದಿದ್ದರೂ ಏನೂ ಆಗುವುದಿಲ್ಲ. ಅದನ್ನೇ ಕೆಲವು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಗಾತ್ರದ ಪುಡಿ ಮಾಡಿದರೆ ಸ್ವಭಾವವೇ ಬದಲಾಗುತ್ತದೆ. ಹೈಡ್ರೋಜನ್ ಅದರ ಮೈಗೆ ಬೇಗ ಅಂಟುತ್ತದೆ. ಗಾಳಿಯ ಆಮ್ಲಜನಕವೂ ಅಷ್ಟೇ. ಉಸಿರಿನ ಜೊತೆ ಪುಡಿ ಶ್ವಾಸಕೋಶಕ್ಕೂ ಇಳಿಯುತ್ತದೆ. ಇಂಧನ ಕೋಶ, ಬ್ಯಾಟರಿ, ಹೈಡ್ರೋಜನ್ ಶಾಖ ಪ್ರಯೋಗ, ಯಾವುದೇ ಇರಲಿ, ಪುಡಿಯ ಮೈ ಹೇಗಿದೆಯೋ ಫಲಿತಾಂಶವೂ ಹಾಗೆ. ಅದಕ್ಕೇ ಪುಡಿಯ ತಯಾರಿಯನ್ನು ಪ್ರಯೋಗದ ಮೊದಲ ಹಂತ ಎಂದೇ ನೋಡಬೇಕು.

ಯಾವ ಪುಡಿ ತರಬೇಕು?

ಸ್ವತಃ ಅರೆಯಲು ಹೋಗಬೇಡಿ. ನಿಕಲ್ ಒಡೆಯದೆ ಹಿಗ್ಗುವ ಲೋಹ, ಅರೆದರೆ ಪುಡಿಯಾಗುವ ಬದಲು ಚಪ್ಪಟೆಯಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಕಾರ್ಬೊನಿಲ್ ನಿಕಲ್ ಪುಡಿಯೇ ಸಾಕು. ಟೈಪ್ 123 ಎಂಬುದು 3ರಿಂದ 7 ಮೈಕ್ರಾನ್‌ನ ಮುಳ್ಳುಮುಳ್ಳಾದ ಕಣಗಳು. ಟೈಪ್ 255ರಲ್ಲಿ ಕಣಗಳು ಸರಪಳಿಯಂತೆ ಕೂಡಿಕೊಂಡಿರುತ್ತವೆ, ಹಾಗಾಗಿ ಪುಡಿ ತುಂಬ ಹಗುರ, ಬೇಗ ಹಾರುತ್ತದೆ. ಕೈ ಪಳಗುವವರೆಗೆ 123 ಒಳ್ಳೆಯದು.

ಕಾರ್ಬೊನಿಲ್ ವಿಧಾನವನ್ನು 1890ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು ಕಂಡುಹಿಡಿದರು. ನಿಕಲ್ ಮೇಲೆ ಕಾರ್ಬನ್ ಮೊನಾಕ್ಸೈಡ್ ಹರಿಸಿದರೆ ಸುಮಾರು 50 ಡಿಗ್ರಿಯಲ್ಲೇ ನಿಕಲ್ ಕಾರ್ಬೊನಿಲ್ ಎಂಬ ಅನಿಲ ಹುಟ್ಟುತ್ತದೆ. ಅದು ಅತಿ ಘೋರ ವಿಷ. ಈ ಕೆಲಸ ಕಾರ್ಖಾನೆಗೇ ಇರಲಿ. ನಿಮ್ಮ ಉಪಕರಣದಲ್ಲಿ ನಿಕಲ್ ಪುಡಿ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಹತ್ತಿರವೂ ಬರಬಾರದು.

ತೂಕ ಮಾಡುವ ಮೇಜು

ಜಾಸ್ತಿ ಅಪಾಯ ಇರುವುದು ಕುಲುಮೆಯಲ್ಲಿ ಅಂತ ಹಲವರು ಅಂದುಕೊಳ್ಳುತ್ತಾರೆ. ತಕ್ಕಡಿಯ ಮುಂದೆ ಮೈಮರೆಯುವುದೂ ಅಷ್ಟೇ ಅಪಾಯ. 2014ರಲ್ಲಿ ಒಂದು ವೈದ್ಯಕೀಯ ಪತ್ರಿಕೆ ಒಬ್ಬ ರಸಾಯನ ತಜ್ಞೆಯ ಪ್ರಕರಣ ಪ್ರಕಟಿಸಿತು. ಆಕೆ ನಿಕಲ್ ನ್ಯಾನೊ ಪುಡಿಯನ್ನು ಒಂದೆರಡು ಗ್ರಾಂನಷ್ಟೇ, ತೆರೆದ ಮೇಜಿನ ಮೇಲೆ ತೂಗುತ್ತಿದ್ದರು. ಗಂಟಲು ಕೆರೆತ, ಮೂಗು ಕಟ್ಟುವಿಕೆ ಶುರುವಾಯಿತು. ಆಮೇಲೆ ಕಿವಿಯೋಲೆ, ಬೆಲ್ಟ್ ಬಕಲ್ ತಾಗಿದಲ್ಲೆಲ್ಲ ಚರ್ಮ ಕೆರಳತೊಡಗಿತು. ನಿಕಲ್ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಕಲ್ ಸಂಯುಕ್ತಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಗುಂಪಿನಲ್ಲಿ, ಲೋಹರೂಪದ ನಿಕಲ್ ಅನ್ನು ಕ್ಯಾನ್ಸರ್ ತರಬಹುದಾದ ಗುಂಪಿನಲ್ಲಿ ಇಟ್ಟಿದೆ. ಪುಡಿಯ ಮೇಲೆ ಆಕ್ಸೈಡ್ ಪದರ, ಅಂದರೆ ಆಮ್ಲಜನಕ ಸೇರಿ ಆದ ನಿಕಲ್ ಸಂಯುಕ್ತ, ಇದ್ದೇ ಇರುತ್ತದೆ ಅಲ್ವಾ? ಹಾಗಾಗಿ ಎರಡನ್ನೂ ಗಮನದಲ್ಲಿಡಿ.

ಡಬ್ಬಿಯನ್ನು ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆ ಎಳೆಯುವ ಗೂಡು) ಅಥವಾ ಗ್ಲೌಬಾಕ್ಸ್ (ಗ್ಲೌಸ್ ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಒಳಗೆ ಮಾತ್ರ ತೆರೆಯಿರಿ. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಸರಿಯಾಗಿ ಕೂರುವ, ಅತಿ ಸಣ್ಣ ಕಣಗಳನ್ನೂ ಸೋಸುವ ಪಿ100 ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಪುಡಿಯನ್ನು ಸುರಿಯಬೇಡಿ, ಚಮಚದಲ್ಲಿ ತೆಗೆದು ತಟ್ಟೆಯ ತಳಕ್ಕೆ ತಾಗಿಸಿ ಇಳಿಸಿ. ಚೆಲ್ಲಿದರೆ ಗುಡಿಸಬೇಡಿ, ಊದಬೇಡಿ. ನಿಕಲ್ ಆಯಸ್ಕಾಂತಕ್ಕೆ ಅಂಟುತ್ತದೆ ಎಂಬುದು ಇಲ್ಲಿ ವರ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ಪುಡಿಯ ಮೇಲೆ ನಿಧಾನವಾಗಿ ಹಿಡಿಯಿರಿ, ಕಣಗಳು ಚೀಲಕ್ಕೆ ರೋಮದಂತೆ ಎದ್ದು ನಿಲ್ಲುತ್ತವೆ. ಚೀಲವನ್ನು ಒಳಗು ಹೊರಗು ಮಾಡಿ ಕಟ್ಟಿಬಿಡಿ. ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇದೇ ಕಾರಣಕ್ಕೆ ಮ್ಯಾಗ್ನೆಟಿಕ್ ಸ್ಟರರ್ ಬಳಸಬೇಡಿ, ಪುಡಿಯೆಲ್ಲ ಅದರ ಕಡ್ಡಿಗೇ ಮೆತ್ತಿಕೊಳ್ಳುತ್ತದೆ.

ಒಣಗಿಸಿ, ಆಕ್ಸೈಡ್ ಕಳೆಯಿರಿ

ಮೊದಲು ನಿರ್ವಾತದಲ್ಲಿ ಸುಮಾರು 120 ಡಿಗ್ರಿಯಲ್ಲಿ ಇಟ್ಟು ತೇವ ತೆಗೆಯಿರಿ. ಪಂಪನ್ನು ಒಮ್ಮೆಗೇ ಪೂರ್ತಿ ತೆರೆದರೆ ಪುಡಿ ಎದ್ದು ಕೊಳವೆಗೆ ನುಗ್ಗುತ್ತದೆ, ವಾಲ್ವ್ ಮೆಲ್ಲಗೆ ತಿರುಗಿಸಿ.

ಆಕ್ಸೈಡ್ ಪದರ ಹೋಗಲು ಹೈಡ್ರೋಜನ್ ಬೇಕು. ಶುದ್ಧ ಹೈಡ್ರೋಜನ್ ಬೇಡ. ಅದು ಗಾಳಿಯಲ್ಲಿ ಶೇ 4ರಿಂದ 75ರವರೆಗೂ ಹೊತ್ತಿಕೊಳ್ಳಬಲ್ಲದು. ಆರ್ಗಾನ್‌ನಲ್ಲಿ ಶೇ 2ರಷ್ಟು ಹೈಡ್ರೋಜನ್ ಬೆರೆಸಿದ ಸಿಲಿಂಡರ್ ತನ್ನಿ. ಬರೀ ಆರ್ಗಾನ್ ಹರಿಸಿ ಗಾಳಿ ಹೊರಹಾಕಿದ ಮೇಲೆ ಈ ಮಿಶ್ರಣ ಬಿಡಿ, 350ರಿಂದ 400 ಡಿಗ್ರಿಗೆ ಏರಿಸಿ. ಹೊರಹೋಗುವ ಅನಿಲ ನೇರ ಫ್ಯೂಮ್ ಹುಡ್‌ಗೆ ಹೋಗಲಿ. ಕೊಳವೆಯ ತಣ್ಣನೆಯ ತುದಿಯಲ್ಲಿ ಮಂಜಿನಂತೆ ನೀರು ಕಟ್ಟಿದರೆ ಹೈಡ್ರೋಜನ್ ಆಕ್ಸೈಡನ್ನು ಕಳೆಯುತ್ತಿದೆ ಎಂದರ್ಥ. ಪದರ ತೆಳುವಾಗಿದ್ದರೆ ಅದು ಕಣ್ಣಿಗೆ ಕಾಣದೆಯೂ ಇರಬಹುದು, ಆಗ ಪುಡಿಯ ತೂಕ ಇಳಿದಿದೆಯೇ ಎಂಬುದನ್ನೇ ನಂಬಿ. 600 ಡಿಗ್ರಿ ಹತ್ತಿರ ಹೋದರೆ ಕಣಗಳು ಒಂದಕ್ಕೊಂದು ಬೆಸೆದು ಹೆಂಟೆಯಾಗುತ್ತವೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ಈಗ ನಿಜವಾದ ಎಚ್ಚರಿಕೆ. ಆಕ್ಸೈಡ್ ಕಳೆದ ನುಣ್ಣನೆಯ ಪುಡಿ ಗಾಳಿ ಕಂಡೊಡನೆ ತಾನಾಗಿಯೇ ಕೆಂಡವಾಗಬಹುದು. ಪೂರ್ತಿ ತಣ್ಣಗಾಗಲಿ. ಆಮೇಲೆ ಆರ್ಗಾನ್ ಅಡಿಯಲ್ಲೇ ಗ್ಲೌಬಾಕ್ಸ್‌ಗೆ ಸಾಗಿಸಿ. ಗಾಳಿಗೆ ತರಲೇಬೇಕಾದರೆ ಶೇ 1ರಷ್ಟು ಆಮ್ಲಜನಕ ಇರುವ ಆರ್ಗಾನನ್ನು ನಿಧಾನವಾಗಿ ಹರಿಸಿ. ತೆಳು ಪದರ ಕಟ್ಟಿ ಪುಡಿ ಸಮಾಧಾನವಾಗುತ್ತದೆ. ಬೆಂಕಿ ಬಿದ್ದರೆ ನೀರು, ನೊರೆ, ಕಾರ್ಬನ್ ಡೈಆಕ್ಸೈಡ್ ಬೇಡ. ಒಣ ಮರಳಿನ ಬಕೆಟ್ ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ.

ಶಾಖದ ಲೆಕ್ಕ

1994ರಲ್ಲಿ ಇಟಲಿಯ ಫೋಕಾರ್ಡಿ, ಪಿಯಾಂಟೆಲ್ಲಿ ಮತ್ತು ಸಂಗಡಿಗರು ನಿಕಲ್–ಹೈಡ್ರೋಜನ್‌ನಲ್ಲಿ ಹೆಚ್ಚುವರಿ ಶಾಖ, ಅಂದರೆ ಒಳಗೆ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ, ಕಂಡಿದ್ದಾಗಿ ಬರೆದರು. 2019ರಲ್ಲಿ ಗೂಗಲ್ ನೆರವಿನ ತಂಡಗಳು ಇಂಥ ಪ್ರಯೋಗಗಳನ್ನು ಮತ್ತೆ ಮಾಡಿ, ಪುರಾವೆ ಸಿಗಲಿಲ್ಲ ಎಂದು ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದವು. ನೀವೂ ಇಂಥ ಶಾಖ ಅಳೆಯುವವರಾದರೆ ಒಂದು ಲೆಕ್ಕ ನೆನಪಿರಲಿ. ಒಂದು ಗ್ರಾಂ ನಿಕಲ್ ಪೂರ್ತಿ ಆಕ್ಸೈಡ್ ಆದರೆ ಸುಮಾರು 4 ಕಿಲೊಜೂಲ್ ಶಾಖ ಬಿಡುತ್ತದೆ, ತೂಕ ಶೇ 27ರಷ್ಟು ಏರುತ್ತದೆ. ಸಣ್ಣ ಸೋರಿಕೆಯೂ ಅದ್ಭುತದಂತೆ ಕಾಣಬಹುದು. ಹಾಗಾಗಿ ಪ್ರಯೋಗಕ್ಕೆ ಮೊದಲು, ಮುಗಿದ ಮೇಲೆ ಎರಡೂ ಬಾರಿ ತೂಗಿ. ಅದೇ ಪುಡಿಯಲ್ಲಿ ಹೈಡ್ರೋಜನ್ ಬದಲು ಆರ್ಗಾನ್ ತುಂಬಿ ಒಂದು ಸುತ್ತು ನಡೆಸಿ ಹೋಲಿಸಿ.

ಉಳಿದ ಪುಡಿಯನ್ನು ಸಿಂಕ್‌ಗೆ ಚೆಲ್ಲಬೇಡಿ, ನಿಕಲ್ ಜಲಚರಗಳಿಗೆ ವಿಷ. ಆಮ್ಲದ ತ್ಯಾಜ್ಯದ ಬಾಟಲಿಗೂ ಹಾಕಬೇಡಿ. ಅಲ್ಲಿ ಹೈಡ್ರೋಜನ್ ಹುಟ್ಟಿ ಮುಚ್ಚಿದ ಬಾಟಲಿ ಸಿಡಿಯುತ್ತದೆ. ಬೇರೆ ಡಬ್ಬಿ, ಸ್ಪಷ್ಟ ಲೇಬಲ್, ಅದರ ಮೇಲೆ ದಿನಾಂಕ. ಅದು ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರ ಕೈಗೇ ಹೋಗಬೇಕು.