ಎಂಬತ್ತು ಕುರ್ಚಿಗಳ ಎದುರು ಒಂದು ಹೊಸ ನಾಟಕ

ಮೈಸೂರಿನಲ್ಲಿ ಹವ್ಯಾಸಿ ತಂಡವೊಂದು ಹೊಸ ನಾಟಕ ಕಟ್ಟಿದರೆ ಅದರ ಆಯುಷ್ಯ ಬಹುಮಟ್ಟಿಗೆ ಒಂದು ಸಂಜೆ. ತಿಂಗಳುಗಟ್ಟಲೆ ತಾಲೀಮು, ದೊಡ್ಡ ಸಭಾಂಗಣ, ದೀಪ ಬೆಳಗುವುದು, ಅತಿಥಿಗಳ ಭಾಷಣ, ಶಾಲು ಹೊದಿಸುವುದು, ಅದೆಲ್ಲ ಮುಗಿದ ಮೇಲೆ ನಾಟಕ. ಮರುದಿನ ಪತ್ರಿಕೆಯಲ್ಲಿ ಫೋಟೊ ಬಂದರೆ ಅಲ್ಲಿಗೆ ಮುಕ್ತಾಯ. ಎರಡನೇ ಪ್ರಯೋಗಕ್ಕೆ ದುಡ್ಡೂ ಉಳಿದಿರುವುದಿಲ್ಲ, ನಟರಿಗೆ ರಜೆಯೂ ಇರುವುದಿಲ್ಲ. ಹೆಸರಾಂತ ಕೃತಿಯಾದರೆ ಇನ್ನೊಂದು ತಂಡ ಎತ್ತಿಕೊಳ್ಳುತ್ತದೆ. ಹೊಸ ಬರಹಕ್ಕೆ ಆ ಭಾಗ್ಯವೂ ಇಲ್ಲ. ಹಾಗಾಗಿ ನನ್ನ ನಾಟಕವನ್ನು ನಾನೇ ನಿರ್ದೇಶಿಸಲು ಹೊರಟಾಗ ಗೆಳೆಯರ ಮುಂದೆ ಒಂದೇ ಷರತ್ತು ಇಟ್ಟೆ. ಉದ್ಘಾಟನೆ ಬೇಡ, ದೊಡ್ಡ ಸಭಾಂಗಣ ಬೇಡ. ಎಂಬತ್ತು ಜನ ಕೂರುವ ಜಾಗ ಸಾಕು, ಆದರೆ ವಾರ ಬಿಟ್ಟು ವಾರ ಆಡುತ್ತಲೇ ಇರಬೇಕು.

ಇಂಥದ್ದಕ್ಕೆ ಈ ಊರು ಹೊಸದೇನಲ್ಲ. ಸರಸ್ವತಿಪುರಂನ ತೆಂಗಿನ ತೋಪಿನ ಹೆಸರು ಹೊತ್ತ ಸಮತೆಂತೋ ತಂಡ ಒಂದು ಕಾಲಕ್ಕೆ ಇಲ್ಲಿ ಹವ್ಯಾಸಿಗಳ ದೊಡ್ಡ ಆಸರೆಯಾಗಿತ್ತು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಸರ್ಕಾರಿ ರಂಗಸಂಸ್ಥೆ ರಂಗಾಯಣ ಶುರುವಾಯಿತು. ಅದರ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯದ ನಾಟಕ ನೋಡುತ್ತಲೇ ನನ್ನ ತಲೆಮಾರು ಬೆಳೆಯಿತು. ಕಲಾಮಂದಿರದ ಆವರಣದಲ್ಲಿ ಕಿರುರಂಗಮಂದಿರವಿದೆ, ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಕಟ್ಟಿದ ನಟನ ರಂಗಶಾಲೆಯಿದೆ, ಕುವೆಂಪುನಗರದಲ್ಲಿ ಸುರುಚಿ ರಂಗಮನೆಯಿದೆ. 2010ರಲ್ಲಿ ಸಿ. ಬಸವಲಿಂಗಯ್ಯನವರ ‘ಮಲೆಗಳಲ್ಲಿ ಮದುಮಗಳು’ ನಾಟಕ ರಂಗಾಯಣದ ಅಂಗಳದಲ್ಲಿ ನಡೆದಾಗ ಬೆಳಗಿನ ಜಾವದವರೆಗೆ ಕೂತ ಪ್ರೇಕ್ಷಕರು ಈ ಊರಿನವರು. ಆದರೆ ಅದು ಕುವೆಂಪು ಕಾದಂಬರಿ. ಹೆಸರೇ ಕೇಳದವನ ನಾಟಕಕ್ಕೆ ಅದೇ ಜನ ಒಂದು ಗಂಟೆ ಕೊಡುತ್ತಾರೆಯೇ ಎಂಬುದೇ ನನ್ನ ಚಿಂತೆಯಾಗಿತ್ತು.

ಕಥೆ ಊರಿನದ್ದೇ. ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ, 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಕೆಲಸಗಾರ, ಅವನ ಹೆಂಡತಿ, ಮಗಳು, ಮನೆಯ ಮುಂದೆ ನಿಂತಿರುವ ಯೆಜ್ಡಿ ಬೈಕನ್ನು ಕೊಳ್ಳಲು ಬೆಂಗಳೂರಿನಿಂದ ಬಂದ ಒಬ್ಬ ಶೋಕಿಲಾಲ. ನಾಲ್ಕೇ ಪಾತ್ರ. ಐದನೆಯವರನ್ನು ಸೇರಿಸಿದರೆ ತಾಲೀಮಿಗೆ ಎಲ್ಲರೂ ಒಟ್ಟಿಗೆ ಸಿಗುವುದು ಕಷ್ಟ ಎಂಬುದು ಬರೆಯುವಾಗಲೇ ಗೊತ್ತಿತ್ತು. ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ಶಾಲೆಯಲ್ಲಿ, ಇನ್ನಿಬ್ಬರು ಕಾಲೇಜಿನಲ್ಲಿ. ಸಂಜೆ ಆರೂವರೆಗೆ ಮೊದಲು ಯಾರೂ ಬರುವಂತಿಲ್ಲ. ಮಧ್ಯಂತರವಿಲ್ಲದೆ ಎಪ್ಪತ್ತು ನಿಮಿಷ ಎಂದು ನಿಗದಿ ಮಾಡಿದ್ದರ ಹಿಂದೆ ಕಲಾತತ್ತ್ವವೇನೂ ಇಲ್ಲ. ಹೊರಬಡಾವಣೆಗಳಿಂದ ಬಂದವರಿಗೆ ಮರಳಲು ಬಸ್ ಸಿಗಬೇಕು, ಅಷ್ಟೆ.

ರಂಗಸಜ್ಜಿಕೆ ಎಂದರೆ ಒಂದು ಜಗಲಿಕಟ್ಟೆ, ಎರಡು ಪ್ಲಾಸ್ಟಿಕ್ ಕುರ್ಚಿ ಮತ್ತು ಆ ಬೈಕು. ಮಿಕ್ಕದ್ದು ಲಗೇಜ್ ಆಟೊದಲ್ಲಿ ಬಂದರೆ ಮುಖ್ಯ ಪರಿಕರ ತಾನೇ ಓಡಿಕೊಂಡು ಬರುತ್ತಿತ್ತು. ಬಾಗಿಲ ಹೊರಗೆ ಟ್ಯಾಂಕಿನ ಪೆಟ್ರೋಲ್ ಬಸಿದು, ತಳ್ಳಿಕೊಂಡು ಒಳಗೆ ತರುತ್ತಿದ್ದೆವು. ಮುಚ್ಚಿದ ಕೋಣೆಯಲ್ಲಿ ಟು-ಸ್ಟ್ರೋಕ್ ಎಂಜಿನ್ನಿನ ಹೊಗೆ ಬಿಟ್ಟರೆ ಮುಂದಿನ ಸಾಲು ಕೆಮ್ಮುತ್ತಲೇ ನಾಟಕ ನೋಡಬೇಕಾಗುತ್ತದೆ. ಆದ್ದರಿಂದ ಬೈಕು ಕೊನೆಯವರೆಗೂ ಶುರುವಾಗುವುದಿಲ್ಲ ಎಂದು ಬರೆದೆ; ವ್ಯಾಪಾರಕ್ಕೆ ಬಂದವನಿಗೆ ಚೌಕಾಸಿ ಮಾಡಲು ಒಳ್ಳೆಯ ನೆಪವೂ ಸಿಕ್ಕಿತು.

ಈ ಬೈಕಿನಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಕಿಕ್ಕರ್ ಆಗುತ್ತದೆ. ಕೊಳ್ಳಲು ಬಂದವನು ಕಿಕ್ಕರ್ ಎಲ್ಲಿದೆ ಎಂದು ಬಲಗಡೆಯೆಲ್ಲ ಹುಡುಕುತ್ತಾನೆ, ಮುದುಕ ಮಾತನಾಡದೆ ಎಡಗಾಲಿನಲ್ಲಿ ಅದನ್ನು ತಿರುಗಿಸಿ ತೋರಿಸುತ್ತಾನೆ. ದೊಡ್ಡ ರಂಗಮಂದಿರದ ಹದಿನೈದನೇ ಸಾಲಿಗೆ ಇದು ಕಾಣುವುದೇ ಇಲ್ಲ. ಇಲ್ಲಿ ಮೊದಲ ಸಾಲಿನವರ ಚಪ್ಪಲಿಗೂ ಬೈಕಿನ ಚಕ್ರಕ್ಕೂ ನಡುವೆ ಒಂದು ಮಾರು ಜಾಗ. ಲಿವರ್ ‘ಟಕ್’ ಎಂದು ಕೂರುವ ಸದ್ದಿಗೆ ಕೆಲವರು ನಗುತ್ತಿದ್ದರು. ಆ ನಗು ಬಂದ ಮೇಲೆ ಮುದುಕನಿಗೆ ಬರೆದಿದ್ದ ಅರ್ಧ ಪುಟದ ಮಾತನ್ನು ಪೂರ್ತಿ ಹೊಡೆದುಹಾಕಿದೆ.

ನಟರಿಗೆ ಹೆಚ್ಚು ಕಷ್ಟವಾದದ್ದು ದನಿ ಇಳಿಸುವುದು. ತಂದೆಯ ಪಾತ್ರ ಮಾಡಿದವರು ಕಾಲೇಜು ದಿನಗಳಿಂದ ಪೌರಾಣಿಕ ನಾಟಕಗಳಲ್ಲಿ ಪಳಗಿದವರು; ಹೆಂಡತಿಯ ಹತ್ತಿರ ಕಾಫಿ ಕೇಳಿದರೂ ದುರ್ಯೋಧನ ಸಭೆಗೆ ಕೇಳಿದಂತಿರುತ್ತಿತ್ತು. ‘ಸಾರ್, ಪಕ್ಕದ ಮನೆಯವರಿಗೆ ಕೇಳಿಸಬಾರದು’ ಎಂಬ ಒಂದೇ ಸೂಚನೆ ಕೊನೆಗೆ ಕೆಲಸ ಮಾಡಿತು. ಫ್ಯಾನ್ ಇನ್ನೊಂದು ತಲೆನೋವು. ಹಾಕಿದರೆ ಮಾತು ಕೇಳುವುದಿಲ್ಲ, ನಿಲ್ಲಿಸಿದರೆ ದೀಪಗಳ ಕಾವಿಗೆ ಜನ ಬೇಯುತ್ತಾರೆ. ಬೇಸಿಗೆಯ ಪ್ರಯೋಗಗಳನ್ನು ಕೈಬಿಟ್ಟೆವು. ತಗಡಿನ ಮಾಡಿನ ಜಾಗಗಳನ್ನು ಮಳೆಗಾಲದಲ್ಲಿ ಮುಟ್ಟಲಿಲ್ಲ.

ಟಿಕೆಟ್ ನೂರು ರೂಪಾಯಿ, ಪಾಸ್ ಇಲ್ಲ. ನನ್ನ ಅತ್ತಿಗೆಯೂ ಕೊಂಡೇ ಬಂದರು, ಮುಖ ಸ್ವಲ್ಪ ಊದಿಸಿಕೊಂಡು. ಪೂರ್ತಿ ತುಂಬಿದರೆ ಎಂಟು ಸಾವಿರ. ಜಾಗದ ಬಾಡಿಗೆ, ಬೆಳಕಿನ ಸಲಕರಣೆ, ಆಟೊ, ಚಹಾ ಕಳೆದರೆ ನಟರ ಪೆಟ್ರೋಲಿಗೆ ಏನಾದರೂ ಉಳಿಯುತ್ತಿತ್ತು. ಅರ್ಧ ತುಂಬಿದ ದಿನ ಕೈಯಿಂದ ಹಾಕಿದ್ದೂ ಉಂಟು. ಮೊದಲ ಪ್ರಯೋಗಕ್ಕೆ ಬಂದವರಲ್ಲಿ ಹೆಚ್ಚಿನವರು ನೆಂಟರು ಮತ್ತು ಬೇರೆ ತಂಡಗಳ ಗೆಳೆಯರು. ಅವರ ಹೊಗಳಿಕೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಳೆ ಅವರ ನಾಟಕಕ್ಕೆ ನಾನೂ ಹೋಗಿ ಹಾಗೆಯೇ ಹೇಳಬೇಕಲ್ಲ. ಮೂರನೆಯ ವಾರದ ಹೊತ್ತಿಗೆ ಗುರುತಿಲ್ಲದ ಮುಖಗಳು ಬರತೊಡಗಿದವು. ನಾಟಕದ ಬಗ್ಗೆ ನಿಜವಾಗಿ ತಿಳಿದದ್ದು ಆಗ. ಮಗಳ ದೀರ್ಘ ಸ್ವಗತದಲ್ಲಿ ಜನ ಮೊಬೈಲ್ ನೋಡುತ್ತಿದ್ದರು. ನಾನು ಕಡಿಮೆ ಬೆಲೆ ಕಟ್ಟಿದ್ದ ತಾಯಿಯ ಪಾತ್ರ, ಸೊಪ್ಪು ಬಿಡಿಸುತ್ತಾ ಬೈಕಿನ ಬೆಲೆಯನ್ನು ಒಂದೊಂದು ಸಾವಿರ ಏರಿಸುವಾಗ, ಎಲ್ಲರ ಕಣ್ಣು ಅವಳ ಮೇಲೆ. ಸ್ವಗತ ಕತ್ತರಿಸಿ ಆ ಚೌಕಾಸಿಯನ್ನು ಹಿಗ್ಗಿಸಿದೆ.

ಪ್ರದರ್ಶನದ ನಂತರದ ಸಂವಾದಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಮೈಕ್ ಕೈಗೆ ಬಂದ ಕೂಡಲೇ ಕೆಲವರಿಗೆ ಜಾಗತೀಕರಣ ನೆನಪಾಗುತ್ತದೆ. ಅದರ ಬದಲು ಹೊರಗೆ ಚಹಾ ಇಟ್ಟೆವು, ಬೈಕನ್ನೂ ಅಲ್ಲೇ ತಂದು ನಿಲ್ಲಿಸಿದೆವು. ಒಂದು ದಿನ ಹಿರಿಯರೊಬ್ಬರು ಬಂದು, ನಾಟಕದ ಮಾತೆತ್ತದೆ, ಬೈಕಿನ ಚೈನ್ ಕವರ್ ತಟ್ಟಿ ‘ಇದು ಸಡಿಲ ಇದೆ’ ಎಂದರು. ಕಾರ್ಖಾನೆಯಲ್ಲಿದ್ದವರಂತೆ. ಆ ಮಾತು ಈಗ ಮೊದಲ ದೃಶ್ಯದಲ್ಲಿದೆ. ಮುದುಕ ವ್ಯಾಪಾರಕ್ಕೆ ಬಂದವನಿಗೆ ನಮಸ್ಕಾರ ಹೇಳುವ ಮೊದಲೇ ಅದನ್ನು ಹೇಳುತ್ತಾನೆ.

ಪುಸ್ತಕ ಮಾಡಿ ಎನ್ನುವವರಿದ್ದಾರೆ. ಮಾಡುತ್ತೇನೆ, ಆದರೆ ಈಗಲ್ಲ. ಮಗಳ ಪಾತ್ರ ಮಾಡುತ್ತಿದ್ದ ಹುಡುಗಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ, ಹೊಸಬಳು ತಾಲೀಮಿಗೆ ಬರುತ್ತಿದ್ದಾಳೆ. ಅವಳ ಬಾಯಿಗೆ ಕೂರದ ಮಾತು ಇನ್ನೂ ಕೆಲವಿವೆ.