ಸಿಎಸ್ ಮತ್ತು ಪಾವಾ ಸ್ಪ್ರೇ: ಪೊಲೀಸ್ ಸಿಬ್ಬಂದಿ ಪಾಲಿಸಬೇಕಾದ ಸುರಕ್ಷತಾ ಕ್ರಮ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಸ್ತು ತಿರುಗುವ ಪೊಲೀಸರಲ್ಲಿ ಬಹುಪಾಲು ಮಂದಿಯ ಬಳಿ ಬಂದೂಕು ಇರುವುದಿಲ್ಲ. ಲಾಠಿ, ಕೋಳ ಮತ್ತು ವಾಕಿಟಾಕಿಗಳ ಜೊತೆಗೆ ಅವರ ಸೊಂಟಪಟ್ಟಿಯಲ್ಲಿ ಇರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಕಣ್ಣು ಉರಿಸಿ ಎದುರಾಳಿಯನ್ನು ತಡೆಯುವ ಒಂದು ಸ್ಪ್ರೇ ಕ್ಯಾನ್. 1996ರಲ್ಲಿ ಅಲ್ಲಿನ ಹಲವು ಪೊಲೀಸ್ ಪಡೆಗಳು ಸಿಎಸ್ ಸ್ಪ್ರೇಯನ್ನು ಪ್ರಾಯೋಗಿಕವಾಗಿ ಬಳಸತೊಡಗಿದವು. ಮುಂದೆ 2001ರಲ್ಲಿ ಸಸೆಕ್ಸ್ ಪೊಲೀಸ್ ಪಾವಾ ಎಂಬ ಮತ್ತೊಂದು ಸ್ಪ್ರೇಯನ್ನು ಅಳವಡಿಸಿಕೊಂಡಿತು. ಉಳಿದ ಪಡೆಗಳಲ್ಲಿಯೂ ಕ್ರಮೇಣ ಅದೇ ಹೆಚ್ಚಾಯಿತು. ಈ ಕ್ಯಾನನ್ನು ಯಾವಾಗ ತೆಗೆಯಬೇಕು, ಹೇಗೆ ಸಿಂಪಡಿಸಬೇಕು ಮತ್ತು ಸಿಂಪಡಿಸಿದ ಮೇಲೆ ಏನೇನು ಮಾಡಬೇಕು ಎಂಬುದನ್ನು ಆ ಅನುಭವದ ಆಧಾರದ ಮೇಲೆ ಇಲ್ಲಿ ವಿವರಿಸಲಾಗಿದೆ. ಮೂರನೆಯ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿರುವುದು ಉದ್ದೇಶಪೂರ್ವಕ, ಏಕೆಂದರೆ ಸಿಬ್ಬಂದಿಗೂ ಸ್ಪ್ರೇ ತಗುಲಿದವರಿಗೂ ನಿಜವಾದ ಅಪಾಯ ಎದುರಾಗುವುದು ಆ ಹಂತದಲ್ಲಿ.

ಮೊದಲು ನಿಮ್ಮ ಕ್ಯಾನಿನಲ್ಲಿ ಇರುವುದು ಯಾವ ಪದಾರ್ಥ ಎಂಬುದನ್ನು ಖಚಿತವಾಗಿ ತಿಳಿದುಕೊಳ್ಳಿ. ಸಿಎಸ್ ಮೂಲತಃ ಘನ ಪದಾರ್ಥ. ಬ್ರಿಟಿಷ್ ಪೊಲೀಸರ ಕ್ಯಾನಿನಲ್ಲಿ ಅದನ್ನು ಶೇ 5ರ ಪ್ರಮಾಣದಲ್ಲಿ ಒಂದು ದ್ರಾವಕದಲ್ಲಿ ಕರಗಿಸಿರುತ್ತಾರೆ. ಅದು ಮುಖದ ಮೇಲೆ ಬಿದ್ದರೆ ಕಣ್ಣು ಮಾತ್ರವಲ್ಲದೆ ಮೂಗು, ಗಂಟಲು ಮತ್ತು ಚರ್ಮವೂ ಉರಿಯುತ್ತವೆ. ಅದರ ಕಣಗಳು ಬಟ್ಟೆಯಲ್ಲಿ ಮತ್ತು ಕೋಣೆಯ ಗಾಳಿಯಲ್ಲಿ ಉಳಿದುಕೊಂಡು ಹತ್ತಿರದಲ್ಲಿರುವವರನ್ನೂ ಬಾಧಿಸುತ್ತವೆ. ಪಾವಾ ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ರಾಸಾಯನಿಕ ಕುಟುಂಬಕ್ಕೆ ಸೇರಿದ, ಕೃತಕವಾಗಿ ತಯಾರಿಸಿದ ಪದಾರ್ಥ. ನೀರು ಮತ್ತು ಎಥನಾಲ್ ಮಿಶ್ರಣದಲ್ಲಿ ಅದರ ಪ್ರಮಾಣ ಶೇ 0.3 ಮಾತ್ರ. ಅದು ಮಂಜಿನಂತೆ ಹರಡದೆ ದಾರದಂತೆ ನೇರವಾಗಿ ಚಿಮ್ಮುವುದರಿಂದ ಸುತ್ತಲಿನವರಿಗೆ ತಗುಲುವುದು ಕಡಿಮೆ. ಆದರೆ ಪೂರ್ಣ ಪರಿಣಾಮ ಬೀರಬೇಕಾದರೆ ದ್ರವ ಕಣ್ಣಿಗೇ ಬೀಳಬೇಕಾದ್ದರಿಂದ ಗುರಿ ತಪ್ಪಿದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪಾಳಿ ಆರಂಭಿಸುವ ಮೊದಲು ಕ್ಯಾನಿನ ಅವಧಿ ಮುಗಿದಿದೆಯೇ, ಮೂತಿ ಕಟ್ಟಿಕೊಂಡಿದೆಯೇ ಮತ್ತು ಸುರಕ್ಷತಾ ಮುಚ್ಚಳ ಸರಿಯಾಗಿದೆಯೇ ಎಂದು ಪರೀಕ್ಷಿಸಿ. ಒತ್ತಡದಲ್ಲಿ ತುಂಬಿದ ಕ್ಯಾನಾದ್ದರಿಂದ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡಬಾರದು. ಸೊಂಟಪಟ್ಟಿಯಲ್ಲಿ ಅದಕ್ಕೊಂದು ನಿಶ್ಚಿತ ಜಾಗವಿರಲಿ. ನೋಡದೆಯೇ ಕೈಗೆ ಸಿಗುವಂತೆ ಅಭ್ಯಾಸ ಮಾಡಿಕೊಳ್ಳಿ.

ಬಳಕೆಯ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದೂ ಸ್ಪಷ್ಟವಾಗಿರಬೇಕು. 1967ರ ಕ್ರಿಮಿನಲ್ ಲಾ ಆ್ಯಕ್ಟ್‌ನ 3ನೇ ಸೆಕ್ಷನ್, ಅಪರಾಧ ತಡೆಯುವುದಕ್ಕೆ ಅಥವಾ ಕಾನೂನುಬದ್ಧ ಬಂಧನಕ್ಕೆ ಆ ಸಂದರ್ಭದಲ್ಲಿ ಸಮಂಜಸವೆನಿಸುವಷ್ಟು ಬಲಪ್ರಯೋಗವನ್ನು ಮಾತ್ರ ಒಪ್ಪುತ್ತದೆ. ಬಾಯಿಮಾತಿನಲ್ಲಿ ಎದುರುತ್ತರ ಕೊಟ್ಟವರಿಗೆ, ಹೇಳಿದ್ದನ್ನು ತಕ್ಷಣ ಕೇಳದವರಿಗೆ ಸ್ಪ್ರೇ ಹೊಡೆಯುವುದು ಈ ಅಳತೆಯಲ್ಲಿ ನಿಲ್ಲುವುದಿಲ್ಲ. ಅದೇ ದೇಶದಲ್ಲಿ ಸಾರ್ವಜನಿಕರ ಪಾಲಿಗೆ ಇಂಥ ಸ್ಪ್ರೇ 1968ರ ಫೈರ್‌ಆರ್ಮ್ಸ್ ಆ್ಯಕ್ಟ್‌ನ 5ನೇ ಸೆಕ್ಷನ್ ಪ್ರಕಾರ ನಿಷೇಧಿತ ಆಯುಧವಾಗಿದೆ. ಬೆಂಗಳೂರಿನಲ್ಲಿ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ಪೆಪ್ಪರ್ ಸ್ಪ್ರೇಯನ್ನು ಓದಿಗೋ ಕೆಲಸಕ್ಕೋ ಬ್ರಿಟನ್ನಿಗೆ ಹೋಗುವ ಮಕ್ಕಳ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುವ ಹೆತ್ತವರು ಇದನ್ನು ಅಗತ್ಯವಾಗಿ ಗಮನಿಸಬೇಕು.

ಸಿಂಪಡಿಸುವ ಮುನ್ನ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡಿ. ಎದುರುಗಾಳಿಯಲ್ಲಿ ಹೊಡೆದರೆ ಸ್ಪ್ರೇ ನಿಮ್ಮ ಮುಖಕ್ಕೇ ಮರಳುತ್ತದೆ. ಕಣ್ಣು ಮುಚ್ಚಿ ನಿಂತ ಪೊಲೀಸನ ಸೊಂಟದಲ್ಲಿ ಲಾಠಿಯೂ ಕೋಳವೂ ಇರುತ್ತವೆ ಎಂಬುದು ಎದುರಾಳಿಗೆ ತಿಳಿಯದ ಸಂಗತಿಯಲ್ಲ. ಮುಚ್ಚಿದ ಕೋಣೆ, ಲಿಫ್ಟ್ ಅಥವಾ ವಾಹನದೊಳಗೆ, ವಿಶೇಷವಾಗಿ ಸಿಎಸ್ ಬಳಸಿದರೆ, ಒಗ್ಗರಣೆಯ ಮೆಣಸಿನ ಘಾಟು ಮನೆ ತುಂಬುವಂತೆ ಅದು ಎಲ್ಲರನ್ನೂ ಆವರಿಸುತ್ತದೆ. ಕೈಕೂಸುಗಳಾಗಲಿ ವೃದ್ಧರಾಗಲಿ ಸಮೀಪದಲ್ಲಿದ್ದರೆ ಬೇರೆ ದಾರಿ ಹುಡುಕುವುದೇ ಸರಿ. ಸಮಯವಿದ್ದರೆ ಗಟ್ಟಿಯಾಗಿ ಎಚ್ಚರಿಕೆ ಕೊಡಿ: ಅದರಿಂದ ಎದುರಿನವರಿಗೆ ಶರಣಾಗಲು ಅವಕಾಶ ಸಿಗುತ್ತದೆ, ನಿಮ್ಮ ಸಹೋದ್ಯೋಗಿಗಳಿಗೆ ಪಕ್ಕಕ್ಕೆ ಸರಿಯಲು ಎಡೆಯಾಗುತ್ತದೆ. ಒಂದು ಮೀಟರಿಗಿಂತ ಹತ್ತಿರದಿಂದ ಸಿಂಪಡಿಸಿದರೆ ದ್ರವದ ಒತ್ತಡದಿಂದಲೇ ಕಣ್ಣಿಗೆ ಗಾಯವಾಗಬಹುದು. ಪ್ರಾಣಕ್ಕೆ ಸಂಚಕಾರ ಬಂದಾಗಲ್ಲದೆ ಆ ಅಂತರವನ್ನು ಮುರಿಯಬಾರದು. ಪಾವಾ ಸುಮಾರು ನಾಲ್ಕು ಮೀಟರ್ ದೂರದವರೆಗೆ ಗುರಿ ಮುಟ್ಟುತ್ತದೆ.

ಹೊಡೆದ ತಕ್ಷಣ ಒಂದೇ ಜಾಗದಲ್ಲಿ ನಿಲ್ಲದೆ ಬದಿಗೆ ಸರಿಯಿರಿ. ಕಣ್ಣು ಕಾಣದವನು, ನೀವು ಅವನಿಗೆ ಕೊನೆಯದಾಗಿ ಕಂಡ ದಿಕ್ಕಿಗೇ ನುಗ್ಗುವ ಸಂಭವ ಹೆಚ್ಚು. ಕುಡಿದವರ ಮೇಲೆ, ಮಾದಕ ವಸ್ತು ಸೇವಿಸಿದವರ ಮೇಲೆ ಮತ್ತು ತೀವ್ರ ಮಾನಸಿಕ ಸಂಕಟದಲ್ಲಿರುವವರ ಮೇಲೆ ಸ್ಪ್ರೇ ಏನೂ ಪರಿಣಾಮ ಬೀರದೆ ಹೋಗಬಹುದು. ಚಾಕು ಹಿಡಿದವನಿಗೆ ಸ್ಪ್ರೇ ತಗುಲಿದ ಮಾತ್ರಕ್ಕೆ ಚಾಕು ಕೆಳಗೆ ಬೀಳುವುದಿಲ್ಲ. ಆದ್ದರಿಂದ ಕ್ಯಾನನ್ನು ನಂಬಿ ಒಂಟಿಯಾಗಿ ಮುನ್ನುಗ್ಗದೆ, ದೊರೆತ ಕ್ಷಣಗಳನ್ನು ಅಂತರ ಹೆಚ್ಚಿಸಿಕೊಳ್ಳಲು ಮತ್ತು ನೆರವು ಕರೆಯಲು ಬಳಸಬೇಕು.

ಬೆಂಕಿಯ ವಿಚಾರವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಸಿಎಸ್ ದ್ರಾವಕವೂ ಪಾವಾದ ಎಥನಾಲೂ ಹೊತ್ತಿಕೊಳ್ಳಬಲ್ಲವು. ಸ್ಪ್ರೇಯಿಂದ ಮೈ ಒದ್ದೆಯಾದವರ ಮೇಲೆ ಟೇಸರ್ (ವಿದ್ಯುತ್ ಆಘಾತ ನೀಡುವ ಸಾಧನ) ಹಾರಿಸಿದರೆ ಅದರ ಕಿಡಿ ಸಾಕಾಗಬಹುದು. 2021ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಪಟ್ಟಣದ ಠಾಣೆಯಲ್ಲಿ ಸ್ಯಾನಿಟೈಸರ್ ಸುರಿದುಕೊಂಡಿದ್ದ ವ್ಯಕ್ತಿಯೊಬ್ಬನ ಮೇಲೆ ಪೊಲೀಸರು ಟೇಸರ್ ಬಳಸಿದಾಗ ಆತನ ಮೈಗೆ ಬೆಂಕಿ ಹತ್ತಿಕೊಂಡಿತು. ವಾರಗಳ ನಂತರ ಆತ ತೀರಿಕೊಂಡ. ಅಲ್ಲಿ ಉರಿದದ್ದು ಸ್ಪ್ರೇ ಅಲ್ಲದಿದ್ದರೂ ಆಲ್ಕೋಹಾಲ್ ಮತ್ತು ವಿದ್ಯುತ್ ಕಿಡಿಯ ಆ ಜೋಡಿ ಇಲ್ಲಿಯೂ ಇದೆ. ಸ್ಪ್ರೇ ಹೊಡೆದವರು ಆ ಮಾತನ್ನು ಟೇಸರ್ ಹಿಡಿದ ಸಹೋದ್ಯೋಗಿಗೆ ಕೂಗಿ ತಿಳಿಸಲೇಬೇಕು.

ವ್ಯಕ್ತಿ ವಶಕ್ಕೆ ಬಂದೊಡನೆ ಆರೈಕೆಯ ಕೆಲಸ ಶುರುವಾಗುತ್ತದೆ. 1996ರ ಮಾರ್ಚ್‌ನಲ್ಲಿ ಪೂರ್ವ ಲಂಡನ್ನಿನ ಇಲ್ಫರ್ಡ್ ಪೊಲೀಸ್ ಠಾಣೆಯಲ್ಲಿ ಗ್ಯಾಂಬಿಯಾದಿಂದ ಬಂದು ಆಶ್ರಯ ಕೋರಿದ್ದ ಇಬ್ರಾಹಿಮಾ ಸೇ ಎಂಬವರು, ಕೈಗೆ ಕೋಳ ಬಿದ್ದ ಮೇಲೂ ಪೊಲೀಸರು ಸಿಎಸ್ ಸಿಂಪಡಿಸಿ ನೆಲಕ್ಕೆ ಒತ್ತಿ ಹಿಡಿದ ಬಳಿಕ ಪ್ರಾಣ ಬಿಟ್ಟರು. 1997ರಲ್ಲಿ ಸಾವಿನ ವಿಚಾರಣೆ ನಡೆಸಿದ ಜ್ಯೂರಿ ಅದನ್ನು ಕಾನೂನುಬಾಹಿರ ಹತ್ಯೆ ಎಂದು ಘೋಷಿಸಿತು. ಕೋಳ ಹಾಕಿದವರ ಮೇಲೆ ಸ್ಪ್ರೇ ಬಳಸುವುದಕ್ಕೆ ಸಮರ್ಥನೆ ಸಿಗುವುದು ತೀರ ವಿರಳ ಎಂಬುದನ್ನು ಪ್ರತಿಯೊಬ್ಬ ಸಿಬ್ಬಂದಿಯೂ ಈ ಒಂದು ಪ್ರಕರಣದಿಂದ ಕಲಿಯಬೇಕು. ಸ್ಪ್ರೇ ತಗುಲಿದವರನ್ನು ಬೋರಲಾಗಿ ಮಲಗಿಸಿ ಬೆನ್ನ ಮೇಲೆ ಭಾರ ಹಾಕಬೇಡಿ. ಉಸಿರಾಟ ಮೊದಲೇ ಕಷ್ಟವಾಗಿರುವಾಗ ಎದೆಯ ಮೇಲಿನ ಒತ್ತಡ ಪ್ರಾಣಾಂತಿಕವಾಗಬಲ್ಲದು. ಸಾಧ್ಯವಾದಷ್ಟು ಬೇಗ ಕೂರಿಸಿ ಅಥವಾ ಮಗ್ಗುಲಿಗೆ ಮಲಗಿಸಿ, ಗಾಳಿಗೆ ಮುಖ ಮಾಡಿಸಿ. ಕಣ್ಣು ಉಜ್ಜಿಕೊಳ್ಳದಂತೆ ತಡೆಯಿರಿ. ಉರಿ ಕಡಿಮೆಯಾಗದಿದ್ದರೆ ಧಾರಾಳವಾಗಿ ತಣ್ಣೀರು ಹಾಕಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಸಬೇಕು. ಜೊತೆಗೆ, ಇದು ತಾತ್ಕಾಲಿಕ, ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ, ನಿಧಾನವಾಗಿ ಉಸಿರಾಡಿ ಎಂದು ಸಮಾಧಾನದ ದನಿಯಲ್ಲಿ ಹೇಳುತ್ತಿರಿ. ಕಣ್ಣು ಕಾಣದೆ ಗಾಬರಿಗೊಂಡವರು ಆ ದನಿಗೆ ಶಾಂತರಾದರೆ ನಿಮಗೆ ಒದೆ ಬೀಳುವ ಸಂಭವವೂ ತಗ್ಗುತ್ತದೆ.

ಸಾಮಾನ್ಯವಾಗಿ ಪಾವಾದ ತೀವ್ರತೆ 15ರಿಂದ 35 ನಿಮಿಷಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಅಷ್ಟಾದರೂ ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಉಬ್ಬಸ, ಎದೆನೋವು, ಮಂಕುತನ ಕಾಣಿಸಿಕೊಂಡರೆ ಆಂಬುಲೆನ್ಸ್ ಕರೆಯಿರಿ. ಅಸ್ತಮಾ ಇರುವವರ ಮೇಲೆ ವಿಶೇಷ ನಿಗಾ ಅಗತ್ಯ. ಠಾಣೆಗೆ ಕರೆದೊಯ್ಯುವಾಗ ವಾಹನದ ಕಿಟಕಿ ತೆರೆದಿರಲಿ, ಚಾಲಕನಿಗೆ ಮುಂಚೆಯೇ ವಿಷಯ ತಿಳಿದಿರಲಿ, ಠಾಣೆಯಲ್ಲಿ ಬಂಧಿತರ ಹೊಣೆ ಹೊತ್ತ ಅಧಿಕಾರಿಗೆ ಸ್ಪ್ರೇ ಬಳಸಿದ ಸಮಯವನ್ನು ನೀವೇ ಹೇಳಿ.

ನಿಮ್ಮ ಕೈಗಳಿಗೂ ಸಮವಸ್ತ್ರಕ್ಕೂ ಸ್ಪ್ರೇ ಅಂಟಿರುತ್ತದೆ. ಕೈ ತೊಳೆಯುವ ಮೊದಲು ಕಣ್ಣು ಮುಟ್ಟಬೇಡಿ. ಸಿಎಸ್ ಬಿದ್ದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಯೇ ಒಗೆಯಿರಿ, ಮನೆಯ ಬಟ್ಟೆಗಳ ಜೊತೆ ಸೇರಿಸಬೇಡಿ. ಅದೇ ಪಾಳಿಯಲ್ಲಿ ವರದಿ ಬರೆದು ಮುಗಿಸಿ: ಎದುರಾದ ಅಪಾಯವೇನು, ಬೇರೆ ಯಾವ ಮಾರ್ಗಗಳನ್ನು ಪರಿಗಣಿಸಿದಿರಿ, ಎಷ್ಟು ದೂರದಿಂದ ಮತ್ತು ಎಷ್ಟು ಬಾರಿ ಸಿಂಪಡಿಸಿದಿರಿ, ಆರೈಕೆ ಯಾವಾಗ ಆರಂಭವಾಯಿತು, ಸಿಬ್ಬಂದಿಯಲ್ಲಿ ಯಾರಿಗೆ ತಗುಲಿತು ಎಂಬ ವಿವರಗಳೆಲ್ಲ ಅದರಲ್ಲಿರಬೇಕು. ಬಳಸಿದ ಕ್ಯಾನನ್ನು ಸೊಂಟಕ್ಕೆ ಮರಳಿ ಸಿಕ್ಕಿಸಿಕೊಳ್ಳದೆ ಠಾಣೆಗೆ ಒಪ್ಪಿಸಿ, ಹೊಸದನ್ನು ಪಡೆದ ಮೇಲೆಯೇ ಗಸ್ತಿಗೆ ಹೊರಡಿ.